ನಳಿಗೆಯ ತುದಿಯ ಮಣಿ

ಹಳೆಯ ಕೋವಿಯನ್ನು ಕೈಗೆ ಕೊಟ್ಟರೆ ಹೆಚ್ಚಿನವರು ಮೊದಲು ನೋಡುವುದು ಮರವನ್ನು. ವಾಲ್‌ನಟ್ಟಿನ ಗೆರೆ ಹೇಗಿದೆ, ಕೆನ್ನೆ ತಾಗುವಲ್ಲಿ ಎಷ್ಟು ಮಿನುಗಿದೆ, ಅಜ್ಜನ ಕಾಲದ ಎಣ್ಣೆ ಎಷ್ಟು ಒಳಗಿಳಿದಿದೆ ಎಂದು ಸವರಿ ನೋಡುತ್ತಾರೆ. ನನ್ನ ಕಣ್ಣು ಓಡುವುದು ನಳಿಗೆಯ ತುದಿಗೆ. ಅಲ್ಲಿ ಸಾಸಿವೆಕಾಳಿನಷ್ಟು ದೊಡ್ಡ ಮಣಿಯೊಂದು ಕೂತಿರುತ್ತದೆ. ಇಡೀ ಕೋವಿಯಲ್ಲಿ ಗುರಿ ಇಡುವವನ ಕಣ್ಣು ನಿಜವಾಗಿ ನೋಡುವುದು ಅದೊಂದನ್ನೇ. ನಳಿಗೆಗೆ ನೀಲಿಗಪ್ಪು ಹೊಳಪು ಕೊಟ್ಟವನ ಶ್ರಮ, ಬಟ್ಟಿಗೆ ಜಾಲರಿ ಕೆತ್ತಿದವನ ಕೈಚಳಕ, ಎಲ್ಲವೂ ಈಡು ಹಾರುವ ಹೊತ್ತಿಗೆ ಕಣ್ಣಿಂದ ಮರೆಯಾಗುತ್ತವೆ. ಉಳಿಯುವುದು ಹಿಂದಿನ ಕಚ್ಚು, ಮುಂದಿನ ಮಣಿ, ಆಚೆಗಿರುವ ಗುರಿ.

ಕೊಡಗಿನಲ್ಲಿ ಇಂಥ ಮಣಿಗಳನ್ನು ನೋಡಲು ಒಳ್ಳೆಯ ದಿನ ಕೈಲ್ ಪೊಳ್ದ್. ಗದ್ದೆನಾಟಿ ಮುಗಿದು ಸೆಪ್ಟೆಂಬರ್ 3ರ ಸುಮಾರಿಗೆ ಬರುವ ಹಬ್ಬ ಅದು. ಒಡಿಕತ್ತಿ, ಪೀಚೆಕತ್ತಿ, ಕೋವಿ ಎಲ್ಲವನ್ನೂ ಒರೆಸಿ ದೀಪದ ಮುಂದೆ ಒರಗಿಸಿ, ನಳಿಗೆಗೆ ತೋಕ್ ಪೂವನ್ನು ಸಿಕ್ಕಿಸುತ್ತಾರೆ. ಕೊಡವರ ಮಾತಿನಲ್ಲಿ ತೋಕ್ ಎಂದರೆ ಕೋವಿ. ಮಳೆಗಾಲದ ಬೇಲಿಯಲ್ಲಿ ಕೆಂಪು-ಹಳದಿ ಜ್ವಾಲೆ ಎದ್ದಂತೆ ಅರಳುವ ಗೌರಿಹೂವೇ ಈ ತೋಕ್ ಪೂ. ಪೂಜೆಯಾಗಿ, ಕಡಂಬುಟ್ಟು ಪಂದಿಕರಿಯ ಊಟವಾದ ಮೇಲೆ ಮೈದಾನಕ್ಕೆ ಹೋಗಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. 12 ಬೋರಿನದು ಬೇರೆ, .22 ರೈಫಲಿನದು ಬೇರೆ.

ಈ ಊರಿನಲ್ಲಿ ಮನೆಮನೆಯಲ್ಲಿ ಕೋವಿ ಇರುವುದಕ್ಕೆ ಕಾನೂನಿನ ಕಥೆಯೂ ಉಂಟು. 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕೊಡಗಿನವರನ್ನು ನಿಶ್ಶಸ್ತ್ರೀಕರಣದ ಕಾಯ್ದೆಯಿಂದ ಹೊರಗಿಟ್ಟ. ಆ ವಿನಾಯಿತಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 41ನೇ ಕಲಮಿನ ಅಡಿಯಲ್ಲಿ ಇಂದಿಗೂ ಮುಂದುವರಿದಿದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಅದು 2029ರವರೆಗೆ ಇರುವಂತೆ ಕೇಂದ್ರ ಸರ್ಕಾರ 2019ರಲ್ಲಿ ಅಧಿಸೂಚನೆ ಹೊರಡಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು 2021ರಲ್ಲಿ ಹೈಕೋರ್ಟು ತಳ್ಳಿಹಾಕಿತು. ಸರಿಯೋ ತಪ್ಪೋ ಎಂಬ ವಾದ ಬೇರೆಯವರು ಮಾಡಲಿ. ನನಗೆ ಕುತೂಹಲ ಇನ್ನೊಂದು ಸಂಗತಿಯದು. ಗಂಡುಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು, ಪುತ್ತರಿಯಂದು ಕದಿರು ಕೊಯ್ಯುವಾಗ ಒಂದು. ಈ ಈಡುಗಳಿಗೆಲ್ಲ ಸದ್ದು ಸಾಕು, ಗುರಿ ಬೇಡ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆಯೂ ನಿಂತಿತು. ಹೀಗಾಗಿ ಮಣಿ ಸವೆದು ಹೋದರೂ, ಬಿದ್ದೇ ಹೋದರೂ ವರ್ಷಗಟ್ಟಲೆ ಯಾರ ಗಮನಕ್ಕೂ ಬಾರದು. ಗೊತ್ತಾಗುವುದು ತೆಂಗಿನಕಾಯಿ ಅಲ್ಲಾಡದೆ ಉಳಿದಾಗ!

ದಕ್ಷಿಣ ಕೊಡಗಿನ ಒಂದು ತೋಟದ ಮನೆಯ ಕೋವಿಗೆ ಆದದ್ದೂ ಅದೇ. ಅದು ಮಾರ್ಲಿನ್ 39ಎ, ಲಿವರ್ ಕೋವಿ. ಜೋಡುನಳಿಗೆಯೂ ಕೇಪಿನ ಕೋವಿಯೂ ತುಂಬಿರುವ ಊರಿನಲ್ಲಿ ಲಿವರ್ ಕೋವಿ ಅಪರೂಪದ ನೆಂಟ. ಕುದುರೆಯ ಕೆಳಗೆ ಬೆರಳು ತೂರಿಸುವ ಉಕ್ಕಿನ ಬಳೆ ಇದೆ. ಅದನ್ನು ಮುಂದಕ್ಕೆ ತಳ್ಳಿದರೆ ಖಾಲಿ ತೋಟಾ ಪಕ್ಕಕ್ಕೆ ಹಾರುತ್ತದೆ, ಹಿಂದಕ್ಕೆ ಎಳೆದರೆ ಹೊಸದು ಒಳಗೆ ಕೂರುತ್ತದೆ. ಆ ಎರಡು ಸದ್ದುಗಳಲ್ಲಿ ಮೊದಲನೆಯದು ತುಸು ಸಡಿಲ, ಎರಡನೆಯದು ಗಟ್ಟಿ. ಒಳ್ಳೆಯ ಕೋವಿಯಲ್ಲಿ ಎರಡರ ನಡುವೆ ಎಲ್ಲಿಯೂ ಕರಕರ ಇರುವುದಿಲ್ಲ.

ಕನ್ನಡದ ಓದುಗರಿಗೆ ಲಿವರ್ ಕೋವಿಯ ಪರಿಚಯ ಆಗಲೇ ಉಂಟು, ಹಾಗೆಂದು ಅವರಿಗೆ ತಿಳಿದಿರಲಿಕ್ಕಿಲ್ಲ, ಅಷ್ಟೇ. ತೇಜಸ್ವಿಯವರು ಕನ್ನಡಕ್ಕೆ ತಂದ ಕಾಡಿನ ಕಥೆಗಳಲ್ಲಿ ಕೆನೆತ್ ಆಂಡರ್ಸನ್ ಹೆಗಲಿಗೇರಿಸಿಕೊಂಡು ಓಡಾಡುವ .405 ವಿಂಚೆಸ್ಟರ್ ಅಂಥದೇ. ಜಾನ್ ಬ್ರೌನಿಂಗ್ ರೂಪಿಸಿದ 1895ರ ಮಾದರಿ. ಅಮೆರಿಕದ ಅಧ್ಯಕ್ಷನಾಗಿದ್ದ ಥಿಯೊಡೋರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಕ್ಕೆ ಹೊತ್ತೊಯ್ದದ್ದೂ ಇದನ್ನೇ. ಅದಕ್ಕಿಂತ ಮುಂಚಿನ ಹೆಚ್ಚಿನ ಲಿವರ್ ಕೋವಿಗಳಲ್ಲಿ ತೋಟಾಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೆ ಒಂದು ಮಲಗಿರುತ್ತವೆ. ಮುಂದಿನದರ ಬೆನ್ನಿಗೆ ಹಿಂದಿನದರ ಮೂತಿ ತಾಗಿರುತ್ತದೆ. ಹಾಗಾಗಿ ಚೂಪು ಮೂತಿಯ ಗುಂಡು ಹಾಕುವಂತಿಲ್ಲ, ಹಾಕಿದರೆ ಒದೆತಕ್ಕೆ ಮುಂದಿನ ತೋಟಾದ ಕೇಪಿಗೆ ಚುಚ್ಚಿ ಕೊಳವೆಯೊಳಗೇ ಸಿಡಿದೀತು. 1895ರ ಮಾದರಿಯಲ್ಲಿ ಬ್ರೌನಿಂಗ್ ಕೊಳವೆ ತೆಗೆದು ಪೆಟ್ಟಿಗೆ ಇಟ್ಟ. ನಮ್ಮ ಮಾರ್ಲಿನ್ನಿಗೆ ಕೊಳವೆಯೇ ಇದೆ, ಆದರೆ ಭಯವಿಲ್ಲ. .22 ತೋಟಾದ ಸಿಡಿಮದ್ದು ಅಂಚಿನಲ್ಲಿರುತ್ತದೆ, ನಡುವಿನಲ್ಲಿ ಅಲ್ಲ.

ಮಾರ್ಲಿನ್ನಿನ ವಂಶಾವಳಿ 1891ರ ಮಾದರಿಯಿಂದ ಶುರು. 1922ರಲ್ಲಿ ಅದು 39 ಎಂಬ ಹೆಸರು ಪಡೆಯಿತು, 1939ರಲ್ಲಿ 39ಎ ಆಯಿತು. ಗುರಿಗಾರ್ತಿ ಆನಿ ಓಕ್ಲಿ ಪ್ರದರ್ಶನಗಳಲ್ಲಿ ಹಿಡಿದ ಕೋವಿಗಳಲ್ಲಿ ಇದರ ಪೂರ್ವಜ ಮಾದರಿಗಳೂ ಇದ್ದವು. ಬಲಗಡೆ ಒಂದು ದೊಡ್ಡ ತಿರುಪು ಇದೆ, ಸ್ಪ್ಯಾನರು ಬೇಡ, ಜೇಬಿನ ನಾಣ್ಯ ಸಾಕು. ಸಡಿಲಿಸಿ ಒಂದೇ ಒಂದು ಪೆಟ್ಟು ಕೊಟ್ಟರೆ ಕೋವಿ ನಡುವೆ ಎರಡಾಗುತ್ತದೆ. ಗುರಿ ಹಿಡಿಯುವ ಸೈಟುಗಳೆರಡೂ, ಅಂದರೆ ಹಿಂದಿನ ಕಚ್ಚೂ ಮುಂದಿನ ಮಣಿಯೂ, ನಳಿಗೆಯ ಮೇಲೇ ಇರುವುದರಿಂದ ಎಷ್ಟು ಸಲ ಬಿಚ್ಚಿ ಜೋಡಿಸಿದರೂ ಗುರಿ ಕದಲದು. ಯೋಚನೆ ಮಾಡಿ ಕಟ್ಟಿದ ಯಂತ್ರ ಎನ್ನುವುದು ಇಂಥ ಕಡೆ ತಿಳಿಯುತ್ತದೆ.

ಆ ಮನೆಯ ಕೋವಿಗೆ ಮುಂದಿನ ಮಣಿ ಇರಲಿಲ್ಲ. ಯಾರೋ ಯಾವಾಗಲೋ ಹಿತ್ತಾಳೆಯ ಚೂರೊಂದನ್ನು ಬೆಸೆದು ಕೂರಿಸಿದ್ದರು. ಹಿಂದಿನ ಸೈಟಿನ ಒಂದು ಕೊಂಬು ಮುರಿದಿತ್ತು. ಈ ಜಾತಿಯ ಕೋವಿಗಳ ಹಿಂದಿನ ಸೈಟಿಗೆ ಎರಡು ಬದಿಯಲ್ಲಿ ಸಣ್ಣ ಕೊಂಬುಗಳು ಏಳುತ್ತವೆ, ನಡುವೆ ಕಚ್ಚು. ಕೆಳಗೆ ಮೆಟ್ಟಿಲು ಕೊರೆದ ಸಣ್ಣ ಪಟ್ಟಿ. ಪಟ್ಟಿಯನ್ನು ಹಿಂದೆ ಮುಂದೆ ಜರುಗಿಸಿದರೆ ಸೈಟು ಮೆಟ್ಟಿಲು ಮೆಟ್ಟಿಲಾಗಿ ಏರಿಳಿಯುತ್ತದೆ. ಕೊಂಬುಗಳ ಬಗ್ಗೆ ನನಗೆ ಅಷ್ಟೇನೂ ಮೋಹವಿಲ್ಲ. ನೋಡಲು ಚಂದ, ಆದರೆ ಗುರಿಯ ಅರ್ಧಭಾಗವನ್ನು ಮುಚ್ಚುತ್ತವೆ. ಇಂಗ್ಲೆಂಡಿನ ಕೋವಿಗಾರರು ಇಂಡಿಯಾದ ಕಾಡಿಗೆಂದು ಮಾಡಿ ಕಳಿಸುತ್ತಿದ್ದ ಜೋಡುನಳಿಗೆ ರೈಫಲುಗಳಲ್ಲಿ ಇರುವುದು ತಟ್ಟೆಯಂತೆ ಅಗಲಿಸಿದ ವಿ, ಅದರ ನಡುವಿಗೆ ಕೂದಲೆಳೆಯ ಅಗಲದ ಪ್ಲಾಟಿನಂ ಗೆರೆ. ಮಣಿಯನ್ನು ಆ ಗೆರೆಯ ತಲೆಗೆ ನಿಲ್ಲಿಸಿದರೆ ಮುಗಿಯಿತು, ಏನನ್ನೂ ಮುಚ್ಚುವುದಿಲ್ಲ. ಕೆಲವದರಲ್ಲಿ ಮುಂದಿನ ಮಣಿಯ ಹಿಂದೆ ಮಡಚಿಟ್ಟ ದಂತದ ದೊಡ್ಡ ಮಣಿಯೊಂದಿರುತ್ತದೆ, ಮುಸ್ಸಂಜೆಯಲ್ಲಿ ಎತ್ತಿ ನಿಲ್ಲಿಸಲು. ಬೆಳಕು ಹೋದರೂ ಇನ್ನು ಸ್ವಲ್ಪ ಹೊತ್ತು ನೋಡುತ್ತೇನೆ ಎಂಬ ಹಟ ಆ ಪುಟ್ಟ ಮಡಿಕೆಯಲ್ಲಿದೆ.

ಬದಲಿ ಸೈಟು ಹಾಕಿಸಬೇಕೆಂದಾಗ ಯಾವ ಮಣಿ ಎಂಬ ಪ್ರಶ್ನೆ ಬಂತು. ಇದು ಅಂಗಡಿಯವನ ಇಷ್ಟಕ್ಕೆ ಬಿಡುವ ಮಾತಲ್ಲ. ಮಣಿ ಅಂದರೆ ಬೆಳಕಿನ ಲೆಕ್ಕ. ಕಾಫಿತೋಟದೊಳಗೆ ಸಿಲ್ವರ್ ಓಕಿನ ನೆರಳು, ಅತ್ತಿ ಹಲಸುಗಳ ನೆರಳು, ಮಳೆಗಾಲದ ಮೋಡ, ಎಲ್ಲ ಸೇರಿ ಮಧ್ಯಾಹ್ನವೇ ಹಸಿರುಗಪ್ಪು. ಅಲ್ಲಿ ಕರಿಯ ಮಣಿ ಕಾಣುವುದೇ ಇಲ್ಲ, ಬಿಳಿಯದು ಬೇಕು, ಇಲ್ಲವೇ ಹಿತ್ತಾಳೆಯದು. ಆದರೆ ಕೈಲ್ ಪೊಳ್ದಿನ ಕಾಯಿ ಇರುವುದು ಮರದ ತುದಿಯಲ್ಲಿ, ಬಯಲು ಆಕಾಶಕ್ಕೆ ಎದುರಾಗಿ. ಅಲ್ಲಿ ಹೊಳೆಯುವ ಮಣಿ ಬೆಳಕಿನಲ್ಲಿ ಕರಗಿಹೋಗುತ್ತದೆ. ಕರಿಯದಾದರೆ ಕತ್ತರಿಸಿದಂತೆ ನಿಲ್ಲುತ್ತದೆ. ಇನ್ನೊಂದು ತೊಡಕು ಉಂಟು. ಗುಂಡಗಿನ ಹೊಳೆವ ಮಣಿಗೆ ಬಿಸಿಲು ಬಲಗಡೆಯಿಂದ ಬಿದ್ದರೆ ಬಲಗಡೆಯ ಕೆನ್ನೆ ಮಾತ್ರ ಮಿನುಗುತ್ತದೆ. ಕಣ್ಣು ಆ ಮಿನುಗನ್ನೇ ಮಣಿಯ ನಡುವೆಂದು ನಂಬಿ ಅದನ್ನು ಕಚ್ಚಿನ ಮಧ್ಯಕ್ಕೆ ತರುತ್ತದೆ. ಆಗ ನಳಿಗೆ ಎಡಕ್ಕೆ ತಿರುಗಿರುತ್ತದೆ, ಗುಂಡೂ ಎಡಕ್ಕೇ ಹೋಗುತ್ತದೆ. ಬೆಳಗ್ಗೆ ಒಂದು ಕಡೆ ತಪ್ಪಿದವನು ಸಂಜೆ ಇನ್ನೊಂದು ಕಡೆ ತಪ್ಪಿ, ತೋಟಾವನ್ನು ಬೈಯುತ್ತಾನೆ. ಇದನ್ನು ಬಲ್ಲ ಕಸುಬುದಾರರು ಮಣಿಯ ಮುಖವನ್ನು ಚಪ್ಪಟೆ ಮಾಡಿದರು. ಕಣ್ಣಿಗೆ ಎದುರಾಗುವ ಮುಖ ಸಪಾಟಾಗಿದ್ದರೆ ಬೆಳಕು ಎಲ್ಲಿಂದ ಬಿದ್ದರೂ ಇಡೀ ಮುಖ ಒಂದೇ ಸಮ ಬೆಳಗುತ್ತದೆ.

ಕೋವಿ ರಿಪೇರಿಯ ಪರವಾನಗಿ ಇರುವ ಮೇಸ್ತ್ರಿಯ ಡ್ರಾಯರಿನಲ್ಲಿ ಹಳೆಯ ಬಿಡಿಭಾಗಗಳ ರಾಶಿಯೇ ಇತ್ತು. ಅದರಲ್ಲಿ ಸಿಕ್ಕಿತು ಚಪ್ಪಟೆ ಮುಖದ ಹಿತ್ತಾಳೆ ಮಣಿ. ಕರಿಯದು ಬೇಕಾದಾಗ? ಮೇಸ್ತ್ರಿ ನಕ್ಕು, ‘ಕರ್ಪೂರ ಹಚ್ಚಿ’ ಅಂದರು. ಗುರಿಕಾರರ ಹಳೆಯ ಉಪಾಯ ಅದು. ಖಾಲಿ ಕೋವಿಯ ಮಣಿಯನ್ನು ಉರಿಯುವ ಕರ್ಪೂರದ ಹೊಗೆಗೆ ಒಂದು ಗಳಿಗೆ ಹಿಡಿದರೆ ಹೊಳಪಿಲ್ಲದ ಶುದ್ಧ ಮಸಿ ಹತ್ತುತ್ತದೆ. ಪೇಂಟಿನ ಕಪ್ಪಿಗೆ ಆ ಆಳ ಬಾರದು, ಅದು ಎಷ್ಟೆಂದರೂ ಒಂದಿಷ್ಟು ಮಿನುಗುತ್ತದೆ. ಬೇಡವಾದಾಗ ಬೆರಳಲ್ಲಿ ಒರೆಸಿದರೆ ಮತ್ತೆ ಹಿತ್ತಾಳೆ. ಕೈಲ್ ಪೊಳ್ದಿನ ದಿನ ಕರ್ಪೂರಕ್ಕೇನು ಬರ, ಪೂಜೆಯ ತಟ್ಟೆಯಲ್ಲೇ ಇರುತ್ತದೆ.

ಇನ್ನು ಕೂರಿಸುವ ಕೆಲಸ. ಬೆರಳ ತುದಿಯ ಅಳತೆಯ ಕೆಲಸವಾದರೂ ಇಡೀ ಕಥೆಯ ಸೊಗಸು ಇಲ್ಲಿದೆ. ಸೈಟು ತಿರುಪಿನಿಂದ ನಿಲ್ಲುವುದಿಲ್ಲ, ಬೆಸುಗೆಯಿಂದಲೂ ಅಲ್ಲ. ಬಾಯಿ ಕಿರಿದು, ತಳ ಅಗಲ ಇರುವ ಅಡ್ಡಗಾಡಿಯೊಳಗೆ, ಬಡಗಿಗಳು ಡವ್‌ಟೇಲ್ ಎನ್ನುವ ಕಚ್ಚಿನೊಳಗೆ, ಉಕ್ಕು ಉಕ್ಕನ್ನು ಅಪ್ಪಿ ನಿಲ್ಲುತ್ತದೆ. ಅಮೆರಿಕದ ಕೋವಿಗಳಲ್ಲಿ ಈ ಗಾಡಿಯ ವಾಡಿಕೆಯ ಅಳತೆ ಇಂಚಿನ ಎಂಟರಲ್ಲಿ ಮೂರು ಪಾಲು, ಅಂದರೆ 9.5 ಮಿಲಿಮೀಟರು. ತೆಗೆಯುವಾಗ ಎಡದಿಂದ ಬಲಕ್ಕೆ ಹೊಡೆಯಬೇಕು, ಹಾಕುವಾಗ ಬಲದಿಂದ ಎಡಕ್ಕೆ. ಇದು ಗುರಿ ಇಡುವವನ ಎಡ-ಬಲ. ಯಾವ ಕಾಲದಲ್ಲಿ ಯಾರು ಹಾಕಿದ ರೂಢಿಯೋ, ಒಬ್ಬ ಹಾಕಿದ್ದನ್ನು ಮತ್ತೊಬ್ಬ ಎಪ್ಪತ್ತು ವರ್ಷದ ಮೇಲೆ ತೆಗೆಯುವಾಗ ಯಾವ ಕಡೆಯಿಂದ ಹೊಡೆಯಲಿ ಎಂದು ಯೋಚಿಸಬೇಕಾಗಿಲ್ಲ.

ಹೊಸ ಸೈಟಿನ ಪಾದ ಯಾವಾಗಲೂ ಗಾಡಿಗಿಂತ ಕೂದಲಷ್ಟು ದೊಡ್ಡದಾಗಿರುತ್ತದೆ, ಇರಲೂಬೇಕು. ಆಗ ಯಾವುದನ್ನು ಅರೆಯುವುದು? ಅವಸರದವನು ನಳಿಗೆಯ ಗಾಡಿಗೆ ಅರ ಹಾಕುತ್ತಾನೆ, ಬೇಗ ಆಗುತ್ತದೆ. ಅಲ್ಲಿಗೆ ಕೋವಿ ಕೆಟ್ಟಿತು. ಮುಂದೆ ಯಾವ ಸೈಟು ತಂದರೂ ಸಡಿಲ. ಬಲ್ಲವನು ಅರೆಯುವುದು ಹೊಸ ಸೈಟಿನ ಪಾದವನ್ನು ಮಾತ್ರ. ಹೊಸಬರು ಬಗ್ಗಬೇಕು, ಮನೆಯ ಹಿರಿಯರನ್ನು ಬಗ್ಗಿಸಬಾರದು. ಅದಕ್ಕೆ ಮೇಸ್ತ್ರಿ ಹಿಡಿದದ್ದು ಮುಮ್ಮೂಲೆ ಅರ, ಅದರ ಒಂದು ಮುಖವನ್ನು ಅವರೇ ಸಾಣೆಗೆ ಹಿಡಿದು ಹಲ್ಲಿಲ್ಲದಂತೆ ನುಣ್ಣಗೆ ಮಾಡಿಕೊಂಡಿದ್ದರು. ಹಲ್ಲಿರುವ ಮುಖ ಪಾದದ ಓರೆಯನ್ನು ಅರೆಯುವಾಗ ನುಣ್ಣಗಿನ ಮುಖ ಪಕ್ಕದ ಸಪಾಟಿಗೆ ತಾಗಿಯೂ ಗಾಯ ಮಾಡುವುದಿಲ್ಲ. ಮೂರು ಸಲ ಎಳೆಯುವುದು, ಒರೆಸುವುದು, ದೀಪದ ಮಸಿ ಹತ್ತಿಸಿ ಗಾಡಿಯ ಬಾಯಿಗೆ ಒತ್ತಿ ನೋಡುವುದು. ಎಲ್ಲಿ ಮಸಿ ಅಳಿಸಿತೋ ಅಲ್ಲಿ ಮಾತ್ರ ಮತ್ತೆ ಅರ. ಕೈಯ ಒತ್ತಡಕ್ಕೆ ಮೂರರಲ್ಲೊಂದು ಭಾಗ ಒಳಗೆ ಹೋಗಿ ನಿಂತಿತು ಅನ್ನುವಾಗ ಅರ ಕೆಳಗಿಟ್ಟರು. ಮಿಕ್ಕದ್ದು ಸುತ್ತಿಗೆಯ ಪಾಲು.

ಸುತ್ತಿಗೆ ನೇರ ತಾಗಬಾರದು. ನಡುವೆ ಹಿತ್ತಾಳೆಯ ಪಂಚು ಇರಬೇಕು. ಪೆಟ್ಟು ಹೆಚ್ಚಾದರೆ ಮೆತ್ತಗಿನ ಹಿತ್ತಾಳೆ ತಾನು ನಜ್ಜಾಗುತ್ತದೆ, ಉಕ್ಕಿನ ನೀಲಿಗೆ ಕಲೆ ಬೀಳುವುದಿಲ್ಲ. ನಳಿಗೆಯನ್ನು ವೈಸಿನ ದವಡೆಗೆ ತೊಗಲು ಕೊಟ್ಟು ಹಿಡಿದಿದ್ದರು. ಟಕ್, ಟಕ್, ಟಕ್. ಮೊದಮೊದಲು ಸದ್ದು ಪೊಳ್ಳು. ಒಳಗೆ ಹೋದಂತೆ ಸದ್ದು ಏರುತ್ತದೆ, ಉಕ್ಕೆಲ್ಲ ಒಂದಾಗಿ ಉತ್ತರ ಕೊಡುತ್ತದೆ. ಸಂಗೀತ ಬಲ್ಲವರಾದರೆ ಸ್ವರ ಹೇಳಬಹುದಿತ್ತು. ನಡುವಿಗೆ ಬಂತೋ ಇಲ್ಲವೋ ಎಂದು ಮೇಸ್ತ್ರಿ ಅಳೆದದ್ದು ಕ್ಯಾಲಿಪರಿನಿಂದ, ಆದರೆ ಅದಕ್ಕೆ ಮುಂಚೆಯೇ ಅವರು ಪೆಟ್ಟು ನಿಲ್ಲಿಸಿಯಾಗಿತ್ತು.

ಹಿಂದಿನ ಸೈಟಿನ ವಿಷಯಕ್ಕೆ ಮನೆಯಲ್ಲಿ ಚರ್ಚೆ ನಡೆಯಿತು. ಕೋವಿಯ ಯಜಮಾನರು ಸೈನ್ಯದಲ್ಲಿದ್ದು ಬಂದವರು, ಕೊಡಗಿನಲ್ಲಿ ಇದೇನೂ ವಿಶೇಷವಲ್ಲ. ‘ಫೋರ್‌ಸೈಟ್ ಕಾಣುತ್ತದೆ, ಬ್ಯಾಕ್‌ಸೈಟೇ ಕಾಣುವುದಿಲ್ಲ ಮಾರಾಯಾ’ ಎಂದರು. ವಯಸ್ಸಿನ ತೊಂದರೆ. ಗುರಿ ಇಡುವವನ ಕಣ್ಣಿಗೆ ಮೂರು ದೂರ ಇರುತ್ತವೆ: ತೋಳಿನೊಳಗಿನ ಕಚ್ಚು, ತೋಳಿನಾಚೆಯ ಮಣಿ, ಬಯಲಿನಾಚೆಯ ಗುರಿ. ಮೂರನ್ನೂ ಒಟ್ಟಿಗೆ ಸ್ಪಷ್ಟವಾಗಿ ನೋಡುವ ಕಣ್ಣನ್ನು ದೇವರು ಯಾರಿಗೂ ಕೊಟ್ಟಿಲ್ಲ. ಕಲಿತವರು ಮಣಿಯನ್ನು ಮಾತ್ರ ಚೂಪಾಗಿ ನೋಡಿ, ಗುರಿಯನ್ನೂ ಕಚ್ಚನ್ನೂ ಮಸುಕಾಗಲು ಬಿಡುತ್ತಾರೆ. ನಲವತ್ತು ದಾಟಿದ ಮೇಲೆ ಹತ್ತಿರದ್ದು ಮೊದಲು ಕೈಕೊಡುತ್ತದೆ, ಕಚ್ಚು ಮಂಜಾಗುತ್ತದೆ. ಅದಕ್ಕೆ ಮದ್ದು ತೂತಿನ ಸೈಟು. ಕಚ್ಚಿನ ಬದಲು ಕಣ್ಣಿಗೆ ಹತ್ತಿರವಾಗಿ ಒಂದು ಸಣ್ಣ ಉಂಗುರ. ಅದರ ಮೂಲಕ ನೋಡಿದರೆ ಸಾಕು, ಉಂಗುರವನ್ನು ನೋಡಬೇಕಾಗಿಲ್ಲ. ಕಣ್ಣು ತನ್ನಷ್ಟಕ್ಕೆ ತೂತಿನ ನಡುವನ್ನು ಹುಡುಕಿಕೊಳ್ಳುತ್ತದೆ, ಅಲ್ಲಿ ಬೆಳಕು ಹೆಚ್ಚು. ಕಿರಿದಾದ ತೂತಿನಿಂದ ನೋಡುವಾಗ ಹತ್ತಿರ ದೂರಗಳೆರಡೂ ತುಸು ಚೂಪಾಗುವ ಲಾಭವೂ ಇದೆ. ಅಮೆರಿಕದ ವಿಲಿಯಂ ಲೈಮನ್ 1879ರಲ್ಲಿ ಇಂಥದಕ್ಕೆ ಪೇಟೆಂಟು ಪಡೆದ. ಅವನ ಮುಖ್ಯ ಜಾಣತನ ಉಂಗುರವನ್ನು ತೆಳ್ಳಗೆ, ತೂತನ್ನು ದೊಡ್ಡದಾಗಿ ಮಾಡಿದ್ದು. ಅದಕ್ಕೆ ಹಿಂದಿನವರು ಸೂಜಿತೂತು ಮಾಡಿ ಬೆಳಕನ್ನೇ ಕೊಂದಿದ್ದರು.

ನನ್ನ ಮತ ತೂತಿನ ಸೈಟಿಗೆ ಇತ್ತು. ಯಜಮಾನರು ಒಪ್ಪಲಿಲ್ಲ. ಕಾರಣ ಕೇಳಿದರೆ, ಮೈದಾನದಲ್ಲಿ ಇದೇ ಕೋವಿಯನ್ನು ತಮ್ಮನ ಮಗಳೂ ಹಿಡಿಯುತ್ತಾಳೆ, ಅವಳ ಕಣ್ಣಿಗೆ ಕಚ್ಚೇ ಸಾಕು ಎಂದರು. ಕೊನೆಗೆ ಮುರಿದ ಕೊಂಬಿನ ಸೈಟನ್ನು ತೆಗೆದು, ಕೊಂಬಿಲ್ಲದ ಸಪಾಟು ಪಟ್ಟಿಯ, ಯು ಆಕಾರದ ಕಚ್ಚಿನ ಸೈಟನ್ನು ಹಾಕಿಸಿದರು. ಮಣಿಯ ಎರಡೂ ಕಡೆ ಒಂದೊಂದು ಎಳೆ ಬೆಳಕು ಕಾಣುವಷ್ಟು ಕಚ್ಚು ಅಗಲವಾಗಿರಬೇಕು. ಹಳೆಯ ಕಾರ್ಖಾನೆಯ ಕಚ್ಚುಗಳು ತೀರ ಇಕ್ಕಟ್ಟು, ಮಣಿ ಅದರಲ್ಲಿ ಸಿಕ್ಕಿಕೊಂಡಂತೆ ಕಾಣುತ್ತದೆ. ಮೇಸ್ತ್ರಿ ಒಂದಿಷ್ಟು ಅಗಲಿಸಿ, ಕಣ್ಣಿಗೆ ಎದುರಾಗುವ ಮುಖವನ್ನು ಹೊಳಪು ಹೋಗುವಂತೆ ಉಜ್ಜಿ, ತುಸು ಹಿಂದಕ್ಕೆ ವಾಲಿಸಿ ಅರೆದರು. ವಾಲಿದ ಮುಖಕ್ಕೆ ಬಿದ್ದ ಬೆಳಕು ಕಣ್ಣಿಗೆ ಮರಳದೆ ಬೇರೆಡೆ ಹೋಗುತ್ತದೆ.

ಗುರಿ ಕೂರಿಸುವುದು ಬಾಕಿ ಇತ್ತು. ತೋಟದ ಕೊನೆಯಲ್ಲಿ ಎತ್ತರದ ಮಣ್ಣಿನ ಬರೆ ಇದ್ದ ಕಡೆ ಕಾಗದ ಅಂಟಿಸಿದರು. .22 ಎಂದು ಹಗುರ ಮಾಡುವಂತಿಲ್ಲ, ತಡೆಯಿಲ್ಲದಿದ್ದರೆ ಆ ಪುಟ್ಟ ಗುಂಡು ಒಂದು ಮೈಲಿಗೂ ಮೀರಿ ಹೋಗಬಲ್ಲುದು. ಹಿಂದಿನ ಸೈಟನ್ನು ಗುಂಡು ಯಾವ ಕಡೆ ಹೋಗಬೇಕೋ ಆ ಕಡೆಗೆ ಸರಿಸಬೇಕು, ಮುಂದಿನದನ್ನು ಅದಕ್ಕೆ ವಿರುದ್ಧ. ಗುಂಡು ಕೆಳಗೆ ಬಿದ್ದರೆ ಹಿಂದಿನದನ್ನು ಏರಿಸಬೇಕು, ಇಲ್ಲವೇ ಮುಂದಿನದನ್ನು ಅರೆದು ತಗ್ಗಿಸಬೇಕು. ಅರೆದದ್ದು ಮತ್ತೆ ಬೆಳೆಯುವುದಿಲ್ಲ, ಆದ್ದರಿಂದ ಅರದ ಮಾತು ಕೊನೆಗೆ. ಲೆಕ್ಕ ಸರಳ, ಆದರೆ ನನಗೆ ಪ್ರತಿ ಸಲವೂ ಬೆರಗು. ಎರಡು ಸೈಟುಗಳ ನಡುವೆ ಅರ್ಧ ಮೀಟರು, ಗುರಿಗೆ 50 ಮೀಟರು, ಅಂದರೆ ನೂರು ಪಾಲು. ಸೈಟು ಒಂದು ಮಿಲಿಮೀಟರು ಸರಿದರೆ ಗುಂಡು 10 ಸೆಂಟಿಮೀಟರು ಸರಿಯುತ್ತದೆ. ಸಿಪ್ಪೆ ಸುಲಿದ ತೆಂಗಿನಕಾಯಿಯ ಅಗಲ ಹೆಚ್ಚು ಕಡಿಮೆ ಅಷ್ಟೇ. ಕಾಯಿ ಒಡೆಯುವುದಕ್ಕೂ ಗಾಳಿಗೆ ಹೊಡೆಯುವುದಕ್ಕೂ ನಡುವೆ ಇರುವುದು ಉಗುರಿನ ದಪ್ಪದ ಉಕ್ಕು.

ಮೊದಲ ಗುಂಡುಗಳು ಒತ್ತಾಗಿ, ಆದರೆ ಬಲಗಡೆಗೆ, ತುಸು ಮೇಲೆ ಬಿದ್ದವು. ಒತ್ತಾಗಿ ಬಿದ್ದರೆ ಕೋವಿ ಸರಿಯಿದೆ ಎಂದರ್ಥ, ಸೈಟು ಮಾತ್ರ ಸರಿಯಬೇಕು. ಹಿತ್ತಾಳೆ ಪಂಚಿನಿಂದ ಹಿಂದಿನ ಸೈಟಿಗೆ ಎಡಕ್ಕೆ ಒಂದು ಪೆಟ್ಟು, ಮತ್ತೆ ನೋಡುವುದು, ಇನ್ನೊಂದು ಅರೆಪೆಟ್ಟು. ಮೆಟ್ಟಿಲು ಪಟ್ಟಿಯನ್ನು ಒಂದು ಮೆಟ್ಟಿಲು ಇಳಿಸಿದ ಮೇಲೆ ಗುಂಡುಗಳು ನಡುವೆ ಕೂಡಿಕೊಂಡವು. ತಮ್ಮನ ಮಗಳು ಬಂದು ಹೊಡೆದಾಗ ಅವಳದು ತುಸು ಮೇಲೆ ಬಿತ್ತು. ಮಣಿಯನ್ನು ಕಚ್ಚಿನಲ್ಲಿ ಎಷ್ಟು ಮುಳುಗಿಸುವುದು ಎಂಬುದರಲ್ಲಿ ಇಬ್ಬರ ಕಣ್ಣು ಒಂದೇ ಅಲ್ಲ. ಮನೆಯ ಕೋವಿ ಅಂದ ಮೇಲೆ ಇದು ಇದ್ದದ್ದೇ, ಯಾರದೋ ಕಣ್ಣಿಗೆ ಕೂರಿಸಿ ಉಳಿದವರು ಹೊಂದಿಕೊಳ್ಳಬೇಕು. ಯಾರ ಕಣ್ಣಿಗೆ ಎಂಬ ಚರ್ಚೆ ಕಾಫಿಯ ಹೊತ್ತಿನವರೆಗೂ ಎಳೆಯಿತು.

ದುರ್ಬೀನು ಹಾಕಿಸಬಾರದೇ ಎಂದು ಕೇಳಿದವರು ಇದ್ದರು. ಮಾರ್ಲಿನ್ನಿನ ತೋಟಾ ಪಕ್ಕಕ್ಕೆ ಹಾರುವುದರಿಂದ ಮೇಲೆ ಗಾಜು ಕೂರಿಸಲು ಜಾಗವಿದೆ. ಹಳೆಯ ವಿಂಚೆಸ್ಟರುಗಳಲ್ಲಿ ತೋಟಾ ನೆತ್ತಿಯಿಂದಲೇ ಹಾರುವುದರಿಂದ ಅದೂ ಇಲ್ಲ. ಬೇಕಾದವರು ಹಾಕಿಕೊಳ್ಳಲಿ. ಆದರೆ ಲಿವರ್ ಕೋವಿಯ ಹದ ಇರುವುದು ಅದರ ಚಪ್ಪಟೆ ಮೈಯಲ್ಲಿ, ನಡುವೆ ಒಂದೇ ಕೈಯಲ್ಲಿ ಹಿಡಿದರೆ ತೂಗಿ ನಿಲ್ಲುವ ತೂಕದಲ್ಲಿ. ಅದರ ನೆತ್ತಿಯ ಮೇಲೆ ಕೊಳವೆ ಏರಿಸಿದರೆ ಹಿಡಿಯುವ ಜಾಗವೂ ಹೋಯಿತು, ಹೆಗಲಿಗೆ ಏರಿಸಿದ ಕೂಡಲೆ ಕೆನ್ನೆಗೆ ಮರ ಸಿಗುವ ಸುಖವೂ ಹೋಯಿತು.

ಮಳೆ ಮುಗಿಯುವವರೆಗೆ ಇನ್ನೊಂದು ಕೆಲಸ ಇದೆ, ಗಾಡಿಯ ಅಂಚಿಗೆ ಎಣ್ಣೆ. ಹೊಸದಾಗಿ ಅರೆದ ಉಕ್ಕಿಗೆ ನೀಲಿಯ ಹೊದಿಕೆ ಇರುವುದಿಲ್ಲ, ಕೊಡಗಿನ ಜುಲೈ ಅದನ್ನು ಒಂದು ವಾರದಲ್ಲಿ ಕೆಂಪು ಮಾಡುತ್ತದೆ. ಹಿಂದಿನವರು ರಂಗೂನ್ ಎಣ್ಣೆ ಎನ್ನುತ್ತಿದ್ದರು, ಈಗ ಡಬ್ಬಿಯ ಎಣ್ಣೆ. ಹಂಚಿಕಡ್ಡಿಯ ತುದಿಯಲ್ಲಿ ಒಂದೇ ಹನಿ, ಗಾಡಿ ಮತ್ತು ಪಾದ ಕೂಡುವ ಗೆರೆಗೆ. ಹೆಚ್ಚಾದರೆ ಮಣಿಗೆ ಹರಿದು ಧೂಳು ಹಿಡಿಯುತ್ತದೆ, ಕರ್ಪೂರದ ಮಸಿಯೂ ನಿಲ್ಲುವುದಿಲ್ಲ.